ದುರಸ್ತಿಗೆ ಉದ್ಘಾಟನೆಯಿಲ್ಲ

ಪೂರ್ವ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಲ್ಯಾವೆನ್‌ಹ್ಯಾಮ್ ಇಂದು ಒಂದು ಹಳ್ಳಿ. ಅದರ ಚರ್ಚಿನ ಗೋಪುರ ಮಾತ್ರ 141 ಅಡಿ ಎತ್ತರ. ಈ ಅಸಂಗತಿಗೆ ಉತ್ತರ ಧರ್ಮಶಾಸ್ತ್ರದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ನೀಲಿ ಉಣ್ಣೆಬಟ್ಟೆಯ ವ್ಯಾಪಾರವು ಈ ಊರನ್ನು ಇಂಗ್ಲೆಂಡಿನ ಇಪ್ಪತ್ತು ಅತಿ ಶ್ರೀಮಂತ ಪಟ್ಟಣಗಳ ಸಾಲಿಗೆ ಏರಿಸಿತ್ತು. 1523ರಲ್ಲಿ ತೀರಿಕೊಂಡ ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ ಗೋಪುರವನ್ನು ಪೂರ್ಣಗೊಳಿಸಲೆಂದು 200 ಪೌಂಡ್ ಬಿಟ್ಟುಹೋದ. ಗೋಪುರದ ಮೇಲೆ ಅವನ ಕುಟುಂಬದ ಲಾಂಛನವನ್ನು ಮತ್ತೆ ಮತ್ತೆ ಕೆತ್ತಲಾಗಿದೆ, ದಾನಿಗೆ ಸಂಕೋಚವಿರಲಿಲ್ಲವೆನ್ನಿ.

ಆ ಸೀಮೆಯಲ್ಲಿ ಕೆತ್ತನೆಗೆ ಒಗ್ಗುವ ಕಲ್ಲು ಸಿಗುವುದಿಲ್ಲ. ಅದನ್ನು ಹೊರಗಿನಿಂದ ತರಿಸಿ, ಸ್ಥಳೀಯ ಚಕಮಕಿ ಕಲ್ಲನ್ನು ಸೀಳಿ ಅದರ ಕಪ್ಪು ಮೈ ಹೊರಗೆ ಕಾಣುವಂತೆ ಜೋಡಿಸಿದ್ದಾರೆ. ಆದರೆ ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ನನ್ನ ಗಮನ ನಿಂತದ್ದು ಛಾವಣಿಯ ಏರುಪೇರಿನ ಮೇಲೆ. ಜನ ಕೂರುವ 'ನೇವ್' ಭಾಗ ಎತ್ತರ, ಅದರ ಕಿಟಕಿಗಳು ವಿಶಾಲ. ಪೂಜಾಪೀಠವಿರುವ 'ಚಾನ್ಸೆಲ್' ಹದಿನಾಲ್ಕನೆಯ ಶತಮಾನದ್ದು, ತಗ್ಗು. ಮಧ್ಯಯುಗದ ಪದ್ಧತಿಯಂತೆ ನೇವ್ ಊರವರ ಹೊಣೆ, ಚಾನ್ಸೆಲ್ ಪಾದ್ರಿಯ ಹೊಣೆ. ಊರವರ ಕೈಯಲ್ಲಿ ಹಣ ಓಡಾಡಿದಾಗ ಅವರ ಪಾಲು ಬೆಳೆಯಿತು.

ಈ ಹೊಣೆ ಇತಿಹಾಸದ ಪುಟ ಸೇರಿತೆಂದು ಭಾವಿಸಬೇಡಿ. ವಾರ್ವಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೋ ಗ್ರಾಮದಲ್ಲಿ, ಜಮೀನಿನ ಜೊತೆಗೇ ಬಂದ ಚಾನ್ಸೆಲ್ ದುರಸ್ತಿಯ ಋಣವನ್ನು ಜಮೀನಿನ ಒಡೆಯರೇ ತೀರಿಸಬೇಕೆಂದು 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಬಾಬ್ತು 1,86,000 ಪೌಂಡ್ ದಾಟಿತು.

ಹಾಗಾದರೆ ಯಾರು ಕೊಡಬೇಕು? ಸಂರಕ್ಷಿತ ಪ್ರಾರ್ಥನಾ ಮಂದಿರಗಳ ದುರಸ್ತಿಗೆ ತೆತ್ತ ವ್ಯಾಟ್ ತೆರಿಗೆಯನ್ನು ಅನುದಾನವಾಗಿ ಹಿಂದಿರುಗಿಸುವ ಯೋಜನೆಯನ್ನು ಬ್ರಿಟಿಷ್ ಸರ್ಕಾರ 2001ರಲ್ಲಿ ಆರಂಭಿಸಿತು. 2025ರ ಏಪ್ರಿಲ್‌ನಲ್ಲಿ ಅದಕ್ಕೆ ಕಟ್ಟಡವೊಂದಕ್ಕೆ ವರ್ಷಕ್ಕೆ 25,000 ಪೌಂಡ್‌ಗಳ ಮಿತಿ ಹಾಕಿತು. ಶೇ 20ರ ತೆರಿಗೆಯ ಲೆಕ್ಕದಲ್ಲಿ, 1,25,000 ಪೌಂಡ್ ಮೀರಿದ ಕೆಲಸದ ಹೆಚ್ಚುವರಿ ತೆರಿಗೆ ಊರವರ ಪಾಲಿಗೇ ಬಿತ್ತು. ಹೊಸ ಮನೆ ಕಟ್ಟುವವನಿಗೆ ಮಾತ್ರ ಆ ದೇಶದಲ್ಲಿ ವ್ಯಾಟ್ ಶೂನ್ಯ! ಭಕ್ತರು ಕಡಿಮೆಯಾಗುತ್ತಿರುವಾಗ ತೆರಿಗೆದಾರನೇಕೆ ಹೊರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಾರ್ಥಿಸದವರೂ ನೋಡಲು ಬರುವ, ಊರಿನ ಇಡೀ ಆರ್ಥಿಕ ಚರಿತ್ರೆಯನ್ನು ಗೋಡೆಯಲ್ಲಿ ಹೊತ್ತ ಕಟ್ಟಡವನ್ನು ಭಕ್ತರ ಖಾಸಗಿ ಆಸ್ತಿಯೆಂದು ಎಣಿಸುವುದು ತಪ್ಪು. ಆ ಮಿತಿ ಉಳಿತಾಯವಾಗಿರಲಿಲ್ಲ, ಮುಂದೂಡಿದ ಸಾಲವಾಗಿತ್ತು.

ನಾನೂ ಸೇವೆಯಲ್ಲಿದ್ದಾಗ ದುರಸ್ತಿಯ ಬಾಬ್ತಿಗೆ ಕತ್ತರಿ ಹಾಕಿದವನೇ. ಅಂಥದೊಂದು ಕಡತ ಇನ್ನೂ ನೆನಪಿದೆ: ಸೋರುವ ಮಾಡಿನ ಒಂದು ಹಳೆಯ ಕಚೇರಿ. ಎಂಟು ವರ್ಷಗಳ ಅನಂತರ ಅದನ್ನು ಕೆಡವಿ ಹೊಸದನ್ನು ಕಟ್ಟುವ ಮಂಜೂರಾತಿಗೂ ನಾನೇ ಸಹಿ ಹಾಕಿದೆ.