ಆಪರೇಷನ್‌ಗೆ ಮೊದಲೇ ತೊಡೆಗೆ ಬಲ ಬರಲಿ

ಕಬಡ್ಡಿ ಅಂಕಣದಲ್ಲಿ ಕಾಲು ತಿರುಚಿದವರು, ಬೈಕಿನಿಂದ ಬಿದ್ದವರು, ಮಳೆಗಾಲದ ತೋಟದಲ್ಲಿ ಜಾರಿದವರು: ಕಾಸರಗೋಡಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಳ್ಳಲು ದಾರಿ ಹಲವು. ಎಂಆರ್‌ಐ ಮಾಡಿಸಿ ಎಸಿಎಲ್ ಎಂಬ ಲಿಗಮೆಂಟ್ ಹರಿದಿದೆ ಎಂದು ಗೊತ್ತಾದ ಮೇಲೆ ಮನೆಯವರ ಚಿಂತೆ ಎರಡೇ. ಆಪರೇಷನ್ ಎಲ್ಲಿ, ಖರ್ಚು ಎಷ್ಟು? ಇಲ್ಲೇ ಮಾಡಿಸುವುದೋ, ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವುದೋ ಎಂದು ತೀರ್ಮಾನವಾಗಿ ಹಣ ಹೊಂದಿಸುವಷ್ಟರಲ್ಲಿ ವಾರಗಳು ಉರುಳುತ್ತವೆ. ಅಷ್ಟೂ ದಿನ ಕಾಲು ಚಾಚಿ ಮಲಗುವುದೇ ಆರೈಕೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು ನಂಬಿಕೆ. ಆಪರೇಷನ್ ಎಷ್ಟು ಫಲಿಸುತ್ತದೆ ಎಂಬುದು ಆ ವಾರಗಳನ್ನೂ ಅವಲಂಬಿಸಿರುತ್ತದೆ.

ಮೊಣಕಾಲಿಗೆ ಪೆಟ್ಟಾದಾಗ ಕೀಲಿನೊಳಗೆ ನೀರು, ರಕ್ತ ತುಂಬಿ ಊದಿಕೊಳ್ಳುತ್ತದೆ. ಆ ಊತದಿಂದ ಹೊರಟ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವನ್ನು ತಡೆಹಿಡಿಯುತ್ತವೆ. ರೋಗಿ ಎಷ್ಟೇ ಪ್ರಯತ್ನಪಟ್ಟರೂ ಆ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ. ಬಳಕೆ ನಿಂತ ಸ್ನಾಯು ಬೇಗನೆ ಕರಗುತ್ತದೆ. ಎರಡು ತೊಡೆಗಳನ್ನು ಅಕ್ಕಪಕ್ಕ ನೋಡಿದರೆ ಬರಿಗಣ್ಣಿಗೇ ವ್ಯತ್ಯಾಸ ಕಾಣುತ್ತದೆ. ಇಂಥ ಕಾಲಿಗೆ ಆಪರೇಷನ್ ಮಾಡಿದರೆ ಮತ್ತೆ ಊತ, ಮತ್ತೆ ವಿಶ್ರಾಂತಿ, ಮತ್ತಷ್ಟು ಸೊರಗು. ನಾರ್ವೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪರೇಷನ್‌ಗೆ ಮೊದಲು ಈ ಸ್ನಾಯುವಿನ ಬಲ ಇನ್ನೊಂದು ಕಾಲಿಗಿಂತ ಶೇ. 20ಕ್ಕೂ ಹೆಚ್ಚು ಕಡಿಮೆಯಿದ್ದವರಲ್ಲಿ ಎರಡು ವರ್ಷಗಳ ನಂತರವೂ ದೊಡ್ಡ ಕೊರತೆ ಉಳಿದೇ ಇತ್ತು. ಡಬ್ಲಿನ್‌ನಲ್ಲಿ ಆಪರೇಷನ್‌ಗೆ ಮೊದಲು ಆರು ವಾರ ವ್ಯಾಯಾಮ ಮಾಡಿದವರ ಮೊಣಕಾಲು, ಆಪರೇಷನ್ ಆದ 12 ವಾರಗಳಲ್ಲಿ ಇತರರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆ ಅಧ್ಯಯನದಲ್ಲಿ ಭಾಗವಹಿಸಿದವರು 20 ಮಂದಿ ಮಾತ್ರ, ನಿಜ. ಆದರೆ ಎರಡೂ ಅಧ್ಯಯನಗಳು ತೋರುವ ದಿಕ್ಕು ಒಂದೇ.

ತಡಮಾಡಿದರೆ ಮೊಣಕಾಲು ಇನ್ನಷ್ಟು ಹಾಳಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹರಿದ ಮೆನಿಸ್ಕಸ್ (ಮೊಣಕಾಲಿನೊಳಗಿನ ಮೆತ್ತೆ) ಕೀಲಿನೊಳಗೆ ಸಿಕ್ಕಿಕೊಂಡು ಕಾಲು ನೀಡಲಾಗದಿದ್ದರೆ, ಮೂಳೆ ಮುರಿದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕಾಯಬಾರದು. ಅದನ್ನು ಹೇಳಬೇಕಾದವರು ಸರ್ಜನ್. ಆದರೆ ಊತವಿಳಿಯದ, ಪೂರ್ತಿ ಮಡಚಲು ನೀಡಲು ಬಾರದ ಮೊಣಕಾಲಿಗೆ ಅವಸರದಲ್ಲಿ ಕತ್ತರಿ ಹಾಕಿದರೆ ಕೀಲು ಬಿಗಿದುಕೊಳ್ಳುವ ಅಪಾಯ ಹೆಚ್ಚು ಎಂದು ಮೂಳೆತಜ್ಞರು 1990ರ ದಶಕದಿಂದಲೇ ಎಚ್ಚರಿಸಿದ್ದಾರೆ. ಸ್ವೀಡನ್‌ನಲ್ಲಿ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಮಾಡಿ, ಅಗತ್ಯ ಬಿದ್ದರಷ್ಟೇ ಆಪರೇಷನ್ ಎಂಬ ಗುಂಪಿನ 59 ಮಂದಿಯಲ್ಲಿ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ. ಬೇಗನೆ ಆಪರೇಷನ್ ಆದವರಿಗೂ ಈ ಗುಂಪಿನವರಿಗೂ ಒಟ್ಟು ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿ ಯಾರೂ ತಮ್ಮಷ್ಟಕ್ಕೆ ಆಪರೇಷನ್ ಕೈಬಿಡಬೇಕಿಲ್ಲ. ಕಾಯುವ ಅವಧಿಯೂ ಚಿಕಿತ್ಸೆಯೇ ಎಂದು ಒಪ್ಪಿಕೊಂಡರೆ ಸಾಕು.

ನೋವಿನಲ್ಲಿ ವ್ಯಾಯಾಮ ಹೇಗೆ, ದಿನಗೂಲಿ ಬಿಟ್ಟು ಫಿಸಿಯೋಥೆರಪಿಗೆ ಅಲೆಯುವುದು ಹೇಗೆ ಎನ್ನುವವರ ಕಷ್ಟ ಸಣ್ಣದಲ್ಲ. ಆದರೆ ಮೊದಲ ಹಂತಕ್ಕೆ ಬೇಕಾದದ್ದು ಒಂದು ಚಾಪೆ, ಮಡಚಿದ ಒಂದು ಟವೆಲ್. ಟವೆಲನ್ನು ಮೊಣಕಾಲಿನಡಿ ಇಟ್ಟು ತೊಡೆ ಬಿಗಿಹಿಡಿದು ಕೆಳಕ್ಕೆ ಒತ್ತುವುದು, ಕಾಲು ನೇರವಾಗಿಟ್ಟು ಎತ್ತುವುದು, ಹಿಮ್ಮಡಿ ಜಾರಿಸಿ ಮಡಚುವುದು. ಊತ ಇಳಿದಂತೆ ಫಿಸಿಯೋಥೆರಪಿಸ್ಟ್ ಭಾರ ಏರಿಸುತ್ತಾರೆ. ಆಪರೇಷನ್ ಮಂಗಳೂರಿನಲ್ಲಾದರೂ ಈ ವ್ಯಾಯಾಮ ಮಂಜೇಶ್ವರ, ಎಣ್ಮಕಜೆ, ದೇಲಂಪಾಡಿಯ ಮನೆಯಲ್ಲೇ ನಡೆಯಬಲ್ಲದು. ದೂರದ ಆಸ್ಪತ್ರೆಯನ್ನೇ ನಂಬಿದ್ದರ ಬೆಲೆಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕದ ಗಡಿ ಮುಚ್ಚಿದಾಗ ಈ ಜಿಲ್ಲೆ ಜೀವಗಳಿಂದ ತೆತ್ತಿದೆ. 2013ರಲ್ಲಿ ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದ ಮೆಡಿಕಲ್ ಕಾಲೇಜು ಪೂರ್ಣ ಪ್ರಮಾಣದಲ್ಲಿ ನಡೆಯಬೇಕೆಂಬ ಬೇಡಿಕೆ ನ್ಯಾಯವಾದದ್ದು. ತೊಡೆಗೆ ಬಲ ತುಂಬುವ ಕೆಲಸ ಮಾತ್ರ ಅದಕ್ಕಾಗಿ ಕಾಯಬೇಕಿಲ್ಲ.

ಪಾಲಿಯೇಟಿವ್ ಆರೈಕೆಯನ್ನು ಪಂಚಾಯತುಗಳ ಮೂಲಕ ಮನೆಮನೆಗೆ ಮುಟ್ಟಿಸಿದ ರಾಜ್ಯ ಕೇರಳ. ಆಪರೇಷನ್ ನಿಶ್ಚಯವಾದ ದಿನವೇ ಫಿಸಿಯೋಥೆರಪಿಯ ಚೀಟಿಯನ್ನೂ ಬರೆದುಕೊಡುವುದು, ವ್ಯಾಯಾಮದ ಚಿತ್ರಪತ್ರವನ್ನು ಮಲಯಾಳದ ಜತೆ ಕನ್ನಡದಲ್ಲೂ ಅಚ್ಚುಹಾಕಿಸುವುದು ಆ ವ್ಯವಸ್ಥೆಗೆ ಹೊರೆಯಾಗದು. ಜಿಲ್ಲಾ ಪಂಚಾಯತು ಇದನ್ನು ಮುಂದಿನ ವಾರ್ಷಿಕ ಯೋಜನೆಯಲ್ಲೇ ಸೇರಿಸಲಿ. ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡವರು ಅಲ್ಲಿಯವರೆಗೆ ಯಾವ ವ್ಯಾಯಾಮ ಮಾಡಬೇಕೆಂದು ವೈದ್ಯರನ್ನು ಕೇಳದೆ ಆಸ್ಪತ್ರೆಯಿಂದ ಹೊರಡಬೇಡಿ.