ಕದ್ದು ತಂದ ಕೂಸುಗಳು

ಇರುವೆಯನ್ನು ಕಾಯಕಜೀವಿಯೆಂದು ಹೊಗಳುವುದು ನಮ್ಮಲ್ಲಿ ರೂಢಿ. ಆ ಹೊಗಳಿಕೆಯು ಎಲ್ಲ ಇರುವೆಗಳಿಗೂ ಸಲ್ಲದೆಂಬುದನ್ನು ಶರಣಬಂಧುಗಳು ಅರಿಯತಕ್ಕದ್ದು.

ಯುರೋಪಿನಲ್ಲಿ ಪಾಲಿಯರ್ಗಸ್ ಎಂಬ ಇರುವೆಯುಂಟು. ಗ್ರೀಕಿನಲ್ಲಿ ಆ ಹೆಸರಿಗೆ 'ಬಹಳ ದುಡಿಯುವುದು' ಎಂದರ್ಥ. ಇಟ್ಟವರು ಯಾರೋ, ವಿನೋದಪ್ರಿಯರಿರಬೇಕು. ಅದರ ಕೋರೆಗಳು ಕುಡುಗೋಲಿನಂತೆ ಬಾಗಿ ಕಾಳಗಕ್ಕೆ ಒದಗುವುವೇ ಹೊರತು ಮರಿ ಸಾಕಲು ಬಾರವು. ಬೇಸಿಗೆಯಲ್ಲಿ ದಂಡು ಕಟ್ಟಿ ಅನ್ಯ ಪ್ರಭೇದದ ಇರುವೆಗಳ ಗೂಡಿಗೆ ನುಗ್ಗಿ, ಕೋಶಾವಸ್ಥೆಯಲ್ಲಿರುವ ಮರಿಗಳನ್ನು ಹೊತ್ತು ತರುತ್ತದೆ. ಕೋಶದಿಂದ ಹೊರಬಂದ ಮರಿಗಳು ಕಳ್ಳರ ಮನೆಯನ್ನೇ ತಮ್ಮ ಮನೆಯೆಂದು ಬಗೆದು ಜೀವಮಾನವಿಡೀ ದುಡಿಯುತ್ತವೆ. ಜಿನೀವಾದ ಪಿಯರ್ ಹ್ಯೂಬರ್ 1810ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪರೀಕ್ಷೆಯಿದೆ. ಆತ ಇಂತಹ ಮೂವತ್ತು ಇರುವೆಗಳನ್ನು ಊಳಿಗದವರಿಲ್ಲದೆ ಕೂಡಿಹಾಕಿ ಎದುರಿಗೆ ಆಹಾರವಿಟ್ಟನು. ಉಣ್ಣಲರಿಯದೆ ಅನೇಕವು ಹಸಿದು ಸತ್ತವು. ಒಂದೇ ಒಂದು ಊಳಿಗದ ಇರುವೆಯನ್ನು ಒಳಬಿಡಲು, ಅದು ಉಳಿದವಕ್ಕೆ ಉಣಿಸಿ, ಮರಿಗಳನ್ನೂ ಉಪಚರಿಸಿತು.

ನಮ್ಮ ದೇಶದ ಡಯಾಕಾಮಾ ಇಂಡಿಕಮ್ ಇಷ್ಟು ಪರಾವಲಂಬಿಯಲ್ಲ, ತಾನೇ ದುಡಿದುಣ್ಣುತ್ತದೆ. ಆದರೆ ನೆರೆಯ ಸಂಸಾರವೊಂದು ಗೂಡು ಬದಲಿಸುವ ಗಲಿಬಿಲಿಯಲ್ಲಿದ್ದರೆ ಅದೂ ಮರಿಗಳನ್ನು ಅಪಹರಿಸುತ್ತದೆ. ಕೋಲ್ಕತ್ತದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಕೆಲವೇ ಕಳ್ಳ ಇರುವೆಗಳು ಹೀಗೆ ಸುಮಾರು ಶೇಕಡಾ 12ರಷ್ಟು ಮರಿಗಳನ್ನು ಒಯ್ದವು. ತಿನ್ನಲಿಕ್ಕಲ್ಲ, ದುಡಿಸಲಿಕ್ಕೆ.

ನೆಲೆ ತಪ್ಪಿದವರ ಕೂಸುಗಳೇ ಮೊದಲು ಪರರ ಪಾಲಾಗುವುದು ಮನುಷ್ಯರಲ್ಲಿಯೂ ಕಂಡದ್ದೇ. ಚೀನಾದೇಶಕ್ಕೆ ಅದಿರು ಸಾಗುತ್ತಿದ್ದ 2000ದ ದಶಕದಲ್ಲಿ ಹೊಸಪೇಟೆ-ಸಂಡೂರು ಸೀಮೆಯ ಬಯಲುಗಳಲ್ಲಿ ಗುಳೆ ಬಂದವರ ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿತು. ಆ ಕೆಂಪು ಧೂಳಿನ ವಿಷಯದಲ್ಲಿ ನಾವೆಲ್ಲರೂ ಗಣಿಧಣಿಗಳನ್ನು ನಿಂದಿಸಿದೆವು, ಅದು ಸುಲಭ.

ಆದರೆ ಕಂಪ್ಲಿಯಿಂದ ಹಂಪಿಯವರೆಗೆ ನಮ್ಮ ಸಮಾಜದ ಅಡುಗೆಮನೆಗಳ ಮಾತೇನು? ಹಳ್ಳಿಯ ಬಡವರಿಂದ ಹತ್ತು ವರ್ಷದ ಬಾಲೆಯನ್ನು ತಂದಿಟ್ಟುಕೊಂಡು, "ನಮ್ಮ ಮನೆಮಗಳಿದ್ದ ಹಾಗೆ" ಎನ್ನುವ ತಾಯಂದಿರನ್ನು ಬಲ್ಲೆ. ಮನೆಮಗಳು ಶಾಲೆಗೆ ಹೋಗುತ್ತಾಳೆ. ಈಕೆ ಆಕೆಯ ಬುತ್ತಿ ಕಟ್ಟುತ್ತಾಳೆ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರಿಂದಲೇ ಕಾನೂನಿನಲ್ಲಿ ನಿಷಿದ್ಧ. ಬಸವಣ್ಣನವರ ಕಾಯಕವಾದರೋ ತನ್ನ ಕೈಯ ದುಡಿಮೆ. ಪರರ ಕೂಸಿನ ಕೈಯದಲ್ಲ.

ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಅಂತಹ ಬಾಲೆಯಿರುವ ಮನೆಯವರು ಅದಕ್ಕೆ ಮುನ್ನವೇ ಆಕೆಯನ್ನು ತಾಯಿಯ ಬಳಿಗೆ ಕರೆದೊಯ್ದು, ಊರ ಶಾಲೆಗೆ ಹೆಸರು ಹಚ್ಚಿಸಿ ಬರಲಿ. ಪುಸ್ತಕದ ಖರ್ಚನ್ನು ದಾಸೋಹವೆಂದು ತಾವೇ ವಹಿಸಿಕೊಳ್ಳಲಿ.