ನಿರ್ವಹಣಾ ಶುಲ್ಕ: ಸಮಪಾಲೋ, ತಕ್ಕ ಪಾಲೋ?

ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ತಿಂಗಳು ತಿಂಗಳೂ ಸಂಗ್ರಹಿಸುವ ನಿರ್ವಹಣಾ ಶುಲ್ಕವು ನ್ಯಾಯಸಮ್ಮತವೇ? ಕೆಲವೆಡೆ ಎಲ್ಲ ಮನೆಗಳಿಗೂ ಒಂದೇ ಮೊತ್ತ. ಕೆಲವೆಡೆ ಚದರಡಿಗೆ ಇಷ್ಟೆಂಬ ಲೆಕ್ಕ.

ಕಾವಲುಗಾರನು ಎಲ್ಲರನ್ನೂ ಸಮನಾಗಿಯೇ ಕಾಯುವನಲ್ಲವೇ, ಆದುದರಿಂದ ಎಲ್ಲರೂ ಸಮನಾಗಿ ಕೊಡಲಿ ಎಂಬುದು ದೊಡ್ಡ ಮನೆಯವರ ವಾದ. 600 ಚದರಡಿಯ ಮನೆಯೊಂದು, 1,800 ಚದರಡಿಯ ಮನೆಯೊಂದು ಇವೆಯೆನ್ನೋಣ. ಚದರಡಿಗೆ 4 ರೂಪಾಯಿಯಂತೆ ಮೊದಲನೆಯದಕ್ಕೆ 2,400, ಎರಡನೆಯದಕ್ಕೆ 7,200 ರೂಪಾಯಿ. ಸಮನಾಗಿ ಹಂಚಿದರೆ ತಲಾ 4,800. ಚಿಕ್ಕ ಮನೆಯ ನಿವೃತ್ತರ ಹೊರೆ ಇಮ್ಮಡಿಯಾಯಿತು! ಕಟ್ಟಡದಲ್ಲಿಯೂ ಭೂಮಿಯಲ್ಲಿಯೂ ಹೆಚ್ಚಿನ ಪಾಲುಳ್ಳವರು ಅದರ ರಕ್ಷಣೆಗೂ ಹೆಚ್ಚು ಕೊಡುವುದೇ ಧರ್ಮ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ಸಾಮಾನ್ಯ ವೆಚ್ಚವನ್ನು ಅವಿಭಜಿತ ಹಕ್ಕಿನ ಪ್ರಮಾಣಕ್ಕನುಗುಣವಾಗಿಯೇ ಹಂಚಿತು.

ಈಜುಕೊಳಕ್ಕೆ ಇಳಿಯದವರು, ಲಿಫ್ಟ್ ಏರದವರು ತಮ್ಮ ಪಾಲನ್ನು ಕಳೆಯಿರೆಂದು ಕೇಳುವುದುಂಟು. ಒಬ್ಬೊಬ್ಬರೂ ತಮಗೆ ಬೇಡದುದನ್ನು ಕಳೆಯುತ್ತ ಹೋದರೆ ಸಾಮಾನ್ಯವೆಂಬುದು ಉಳಿಯುವುದೆಲ್ಲಿ?

ಆದರೆ ಕೇಳುವ ಕೈಗೂ ಎರಡು ಕಟ್ಟುಪಾಡುಗಳಿರಬೇಕು. ಒಂದು, ನೀರಿನ ಟ್ಯಾಂಕರಿನಿಂದ ಜನರೇಟರಿನ ಡೀಸೆಲ್‌ವರೆಗೆ ಪ್ರತಿಯೊಂದು ಖರ್ಚಿನ ಲೆಕ್ಕವೂ ಸದಸ್ಯರೆಲ್ಲರ ಕಣ್ಣಿಗೆ ಬೀಳಬೇಕು. ಎರಡು, ಶುಲ್ಕವನ್ನು ಇಳಿಸುವ ಹೆಸರಿನಲ್ಲಿ ಕಾವಲುಗಾರರ, ಕಸ ಗುಡಿಸುವ ತಾಯಂದಿರ ಸಂಬಳಕ್ಕೆ ಕತ್ತರಿ ಹಾಕಬಾರದು. ಹೂದೋಟದ ಅಲಂಕಾರವು ಒಂದು ವರ್ಷ ತಡೆಯಬಲ್ಲದು. ದುಡಿದವರ ಹಸಿವು ತಡೆಯಲಾರದು.

ತಕ್ಕ ಪಾಲು, ತೆರೆದ ಲೆಕ್ಕ, ದುಡಿದವರಿಗೆ ಸಲ್ಲುವ ಕೂಲಿ: ಈ ಮೂರೂ ಇದ್ದಲ್ಲಿ ಶುಲ್ಕವು ದಂಡವಲ್ಲ, ಕರ್ತವ್ಯ.